ಅರ್ಧ ತೊಟ್ಟಿಯ ಮೀನು

೧ ಮಾರ್ಚ್ ೧೯೮೪, ಗುರುವಾರ

ಇವತ್ತು ಅಣ್ಣನ ಅರ್ಧ ತೊಟ್ಟಿಗೂ ನಾನು ಮೀನು ಬಿಟ್ಟೆ.

ತೊಟ್ಟಿಯ ಒಂದರ್ಧಕ್ಕೆ ಬಿಟ್ಟ ಮೀನು ಇನ್ನೊಂದರ್ಧಕ್ಕೆ ಹೋಗದಂತೆ ನೋಡಿಕೊಳ್ಳುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಬಂದು ಹೇಳಲಿ. ಎರಡು ವರ್ಷದ ಹಿಂದೆ ಮನೆ ಪಾಲಾದಾಗ ಪಂಚರು ಹಿತ್ತಲ ನಡುವೆ ಸುಣ್ಣದ ಗೆರೆ ಎಳೆದರು. ಗೆರೆ ಬೇವಿನ ಮರದಿಂದ ಹೊರಟು ಸೀದಾ ಬಂದು, ಅಪ್ಪ ಕಟ್ಟಿಸಿದ ಗಚ್ಚಿನ ತೊಟ್ಟಿಯನ್ನು ಹತ್ತಿ, ಆ ಕಡೆ ಇಳಿದು ಹೋಯಿತು. ಅಪ್ಪನ ಎತ್ತುಗಳು ನೀರು ಕುಡಿಯುತ್ತಿದ್ದ ತೊಟ್ಟಿ. ಎತ್ತು ಹೋದವು, ಅಪ್ಪ ಹೋದ, ತೊಟ್ಟಿ ಉಳಿಯಿತು. ಈಗ ಅಣ್ಣ ಸುಂಕಪ್ಪ ಅದನ್ನು ಒಡೆಸಿ ಗೆರೆಯ ಮೇಲೆ ಗೋಡೆ ಏರಿಸುತ್ತಾನಂತೆ. ಯುಗಾದಿ ಮುಗಿದ ಮೇಲೆ ಬಾ ಎಂದು ಗೌಂಡಿ ಮಂಜಣ್ಣನಿಗೆ ಹೇಳಿಯೂ ಆಗಿದೆಯಂತೆ. ನನಗೆ ಹೇಳಿಲ್ಲ. ನಮ್ಮಿಬ್ಬರಿಗೆ ಮಾತಿಲ್ಲ. ಪಾಲಿನ ದಿನ ಐದು ಜನರೆದುರು ಅವನು, "ಗಾಳೆಪ್ಪಗ ಬಾಯಿ ಒಂದ ಐತಿ, ಕೈ ಇಲ್ಲ" ಎಂದುಬಿಟ್ಟ. ನನ್ನಂಥವನಿಗೆ! ಏಳನೆಯ ಇಯತ್ತೆಯಲ್ಲಿ ಇಡೀ ಶಾಲೆಗೆ ಗಣಿತದಲ್ಲಿ ಮುಂದಿದ್ದವನಿಗೆ!

ಅದಕ್ಕೇ ನಿನ್ನೆ ಶಿವರಾತ್ರಿ ಜಾಗರಣೆಯಲ್ಲಿ ಕೂತು ಒಂದು ಉಪಾಯ ತೆಗೆದೆ. ಬೆಳಗಾದ ಕೂಡಲೆ ಕೋಗಳಿ ಕಡೆ ಸೈಕಲ್ ತುಳಿದೆ. ಅಲ್ಲಿ ಕೆರೆ ಬತ್ತಿ ಬಲೆ ಎಳೆಯುತ್ತಿದ್ದರು. ಬೆರಳುದ್ದದ ಜಿಲೇಬಿ ಮೀನಿನ ಮರಿಗಳನ್ನು ಎರಡು ಕೊಡ ತುಂಬಿಸಿಕೊಂಡು, ದಾರಿಯುದ್ದಕ್ಕೂ ಹಾಡು ಹೇಳುತ್ತಾ ಬಂದೆ. ಜೀವ ಇರುವ ತೊಟ್ಟಿಯನ್ನು ಒಡೆಯಲು ನಮ್ಮೂರಲ್ಲಿ ಯಾವ ಗೌಂಡಿಯೂ ಗುದ್ದಲಿ ಎತ್ತುವುದಿಲ್ಲ. ಈ ಬುದ್ಧಿ ಐದೂ ತಾಲೂಕಿನಲ್ಲಿ ಹುಡುಕಿದರೂ ಇನ್ನೊಬ್ಬನಿಗೆ ಇಲ್ಲ.

೬ ಮಾರ್ಚ್, ಮಂಗಳವಾರ

ಅಣ್ಣ ಮೀನು ನೋಡಿದ. ಅವನ ಕಡೆಯ ಗೂಟಕ್ಕೆ ಎಮ್ಮೆ ಕಟ್ಟಿರುತ್ತಾನೆ. ನಮ್ಮಿಬ್ಬರಿಗೆ ಮಾತು ನಿಂತಾಗಿನಿಂದ ಏನು ಹೇಳುವುದಿದ್ದರೂ ಅದಕ್ಕೇ ಹೇಳುವುದು. ಎಮ್ಮೆ ಅಣ್ಣನದಾದರೂ ಪಕ್ಷಪಾತ ಮಾಡುವುದಿಲ್ಲ.

"ಏ ಎಮ್ಮಿ, ಮಂದಿ ತೊಟ್ಟ್ಯಾಗ ಮೀನ ಬಿಡೋರಿಗೆ ನಾಚಿಕಿ ಐತೇನ ಕೇಳು."

"ಏ ಎಮ್ಮಿ, ನಾನು ಗೆರಿ ಈಚಿಗೆ ನಿಂತು ಬಿಟ್ಟೀನಿ. ಅವು ಈಜಿಕೊಂತ ಆಚಿಗೆ ಹೋದ್ರ ನಂದೇನ ತಪ್ಪು?"

"ನಾಳಿ ಹಿಡದು ಸಾರು ಮಾಡಸ್ತೀನಿ ಅನ್ನು."

"ಬೆರಳಿನಷ್ಟು ಅದಾವ, ಹಲ್ಲಿನ ಸಂದಿಗೂ ಸಾಲಂಗಿಲ್ಲ ಅನ್ನು."

ಅತ್ತಿಗೆ ಪಾಲಮ್ಮ ಒಳಗಿಂದ, "ಆ ಮೂಕ ಪ್ರಾಣಿ ತಲಿ ತಿನಬ್ಯಾಡ್ರಿ, ಹಾಲು ಕಮ್ಮಿ ಕೊಡಾಕ ಹತ್ತೈತಿ" ಎಂದು ಕೂಗಿದಳು.

ಸಂಜೆ ಪಂಚರಲ್ಲಿ ದೊಡ್ಡವರಾದ ಕಿರಾಣಿ ಅಂಗಡಿಯ ಕೊಟ್ರಬಸಪ್ಪನವರು ಬಂದರು. ಅವರು ಮೀನು ಮುಟ್ಟುವವರಲ್ಲ. ಶಲ್ಯದಿಂದ ಮೂಗು ಮುಚ್ಚಿಕೊಂಡು ತೊಟ್ಟಿಯ ಸುತ್ತ ಒಂದು ಸುತ್ತು ಬಂದರು. "ಜೀವ ಐತಿ. ಈಗ ಒಡಿಯೂದು ಪಾಪ. ಕಾರಹುಣ್ಣಿಮಿತನಕ ನೋಡೂಣು. ಅಲ್ಲಿತನಕ ಮೀನು ಉಳದ್ರ ತೊಟ್ಟಿ ಉಳೀಲಿ. ಸತ್ರ ತೊಟ್ಟಿ ಒಡದು ಗ್ವಾಡಿ ಕಟ್ರಿ. ಇಬ್ರಿಗೂ ಒಪ್ಪಿಗಿ ಏನು?"

ಇಬ್ಬರೂ ಎಮ್ಮೆಯ ಕಡೆ ನೋಡಿಕೊಂಡು ಒಪ್ಪಿದೆವು.

ಓಣಿಯ ಕೈಬೋರಿನ ಹತ್ತಿರ ನೀರಿಗೆ ನಿಂತ ಹೆಂಗಸರು ಮಾತ್ರ ಒಂದು ಕೊಕ್ಕೆ ಹಾಕಿದರು. ಬೇಸಿಗೆ ಬಂತು, ಮೀನಿಗೆಂದು ದಿನಕ್ಕೆ ಒಂದು ಕೊಡಕ್ಕಿಂತ ಹೆಚ್ಚು ಹೊಡೆಯಕೂಡದು. ಆಗಲಿ ಎಂದೆ. ನೀರಿನಲ್ಲಿರುವ ಮೀನಿಗೆ ಇನ್ನೆಷ್ಟು ನೀರು ಬೇಕು!

೧೪ ಮಾರ್ಚ್, ಬುಧವಾರ

ನೀರು ನಾರುತ್ತಿದೆ. ಮೀನು ತಿನ್ನುತ್ತವೆ, ತಿಂದಷ್ಟೂ ಅಲ್ಲೇ ಹೇಲುತ್ತವೆ. ಇದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ನಾಲ್ಕು ಸತ್ತವು. ಸತ್ತದ್ದನ್ನು ಅಣ್ಣ ನೋಡುವುದಕ್ಕೆ ಮೊದಲೇ ಬೆಕ್ಕಿಗೆ ಹಾಕಿದೆ.

ಅಣ್ಣನ ಮಗಳು ಹಂಪಮ್ಮ ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದಾಳೆ. ಅವಳಿಗೆ ಈ ಗೆರೆ ಗಿರೆ ಲೆಕ್ಕಕ್ಕಿಲ್ಲ. ಬಂದವಳೇ ಮೂಗು ಹಿಡಿದುಕೊಂಡು, "ಕಾಕಾ, ಮೀನು ಸಾಕಾಕ ಹತ್ತೀಯೋ, ಉಪ್ಪಿನಕಾಯಿ ಹಾಕಾಕ ಹತ್ತೀಯೋ?" ಎಂದಳು.

ನಾನು ಹಿಂದೊಮ್ಮೆ ಹಗರಿಬೊಮ್ಮನಹಳ್ಳಿ ಕಡೆ ಕುಡಿಯುವ ನೀರು ಸೋಸುವ ಕಟ್ಟೆಯ ಕೆಲಸದಲ್ಲಿ ಮರಳು ಹೊತ್ತವನು. ಕೆಸರು ನೀರು ಮೇಲಿಂದ ಹೋಗಿ ಕೆಳಗಿಂದ ಕನ್ನಡಿಯಂತೆ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಟ್ಟೆಯನ್ನು ಕಟ್ಟಿದವನೇ ನಾನು ಎಂದು ಹಂಪಮ್ಮನಿಗೆ ಹೇಳಿದೆ. ಪೂರ್ತಿ ಸುಳ್ಳೇನಲ್ಲ. ನೀರು ಹೊಸದು ತರುವ ಹಾಗಿಲ್ಲವೆಂದರೆ ಇದ್ದ ನೀರನ್ನೇ ತೊಳೆದು ತೊಳೆದು ಬಳಸುವುದು. ಎಣ್ಣೆ ಮಿಲ್ಲಿನ ಹಳೆಯ ಡ್ರಮ್ಮು ತಂದು, ಕಲ್ಲುಗಳ ಮೇಲೆ ಏರಿಸಿ, ಬುಡಕ್ಕೆ ತೂತು ಹೊಡೆದೆ. ಕೊಡದಿಂದ ತೊಟ್ಟಿಯ ನೀರು ಎತ್ತಿ ಮೇಲೆ ಸುರಿದರೆ ಕೆಳಗಿಂದ ತೊಳೆದ ನೀರು ತೊಟ್ಟಿಗೇ ಬೀಳಬೇಕು. ಒಳಗೆ ತುಂಬಲು ಶೇಂಗಾ ಹೊಟ್ಟು. ಮಿಲ್ಲಿನ ಹಿಂದೆ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ, ಕೇಳುವವರಿಲ್ಲ. ಹಗುರ, ಪುಕ್ಕಟೆ, ಒಳಗೆಲ್ಲ ತೂತು ತೂತು. ಇದಕ್ಕಿಂತ ಒಳ್ಳೆಯ ಜರಡಿ ಉಂಟೇ?

೨೦ ಮಾರ್ಚ್, ಮಂಗಳವಾರ

ಶೇಂಗಾ ಹೊಟ್ಟು ಕೊಳೆಯಿತು. ತೊಟ್ಟಿಯ ನೀರು ಚಾದಂತಾಗಿದೆ. ಹಾಲು ಒಂದು ಹಾಕಿದರೆ ಕಾನಹೊಸಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಾರಬಹುದು.

೨೧ ಮಾರ್ಚ್, ಬುಧವಾರ

ಇನ್ನೂ ಎಂಟು ಸತ್ತವು. ಬರೆಯುವಂಥದ್ದು ಏನೂ ಇಲ್ಲ.

೨೯ ಮಾರ್ಚ್, ಗುರುವಾರ

ಹೊಟ್ಟು ಬಳಿದು ಹಾಕಿ ಹಳ್ಳದ ಮರಳು ತುಂಬಿಸಿದೆ. ಎರಡು ದಿನ ನೀರು ಕನ್ನಡಿ. ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಮೂರನೆಯ ದಿನ ಮರಳಿನ ಮೇಲೆ ಕೆನೆ ಕಟ್ಟಿದ ಹಾಗೆ ಕೊಳಕು ಕೂತು ಒಂದು ಹನಿಯೂ ಇಳಿಯಲೊಲ್ಲದು. ಕೋಲಿನಿಂದ ತಿವಿದೆ. ಡ್ರಮ್ಮಿನ ಬುಡ ಕಿತ್ತುಕೊಂಡು ಮರಳೆಲ್ಲ ತೊಟ್ಟಿಗೆ ಬಿತ್ತು.

ಅಣ್ಣ ಎಮ್ಮೆಯ ಮೈ ತಿಕ್ಕುತ್ತಾ, "ಏ ಎಮ್ಮಿ, ತೊಟ್ಟಿ ಮುಚ್ಚಾಕ ಗೌಂಡಿ ಬ್ಯಾಡ, ಕೆಲವ್ರು ತಾವ ಮುಚ್ಚಾಕ ಹತ್ಯಾರ" ಎಂದ. ಎಮ್ಮೆ ಕಿವಿ ಅಲ್ಲಾಡಿಸಿತು. ಅದಕ್ಕೆ ತಕ್ಕ ಉತ್ತರ ನನಗೆ ಈಗ ಹೊಳೆಯುತ್ತಿದೆ, ಆದರೆ ಎಮ್ಮೆ ಮಲಗಿದೆ.

೪ ಏಪ್ರಿಲ್, ಬುಧವಾರ

ಯುಗಾದಿಯ ದಿನ ಅತ್ತಿಗೆ ಗೆರೆಯಾಚೆಯಿಂದ ಹೋಳಿಗೆಯ ತಟ್ಟೆ ಚಾಚಿದಳು. ಚಾಚಿದವಳು ತೊಟ್ಟಿ ನೋಡಿ, "ಗಾಳೆಪ್ಪ, ಎಷ್ಟ ಉಳದಾವೋ?" ಎಂದಳು. ಮೂವತ್ತಕ್ಕೆ ಮೇಲೆ ಎಂದೆ. "ಕಾರಹುಣ್ಣಿಮಿತನಕ ಉಳೀತಾವೇನೋ?" ಎಂದಳು. ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ದಿನ ಇದೇ ತೊಟ್ಟಿಯ ಕಟ್ಟೆಯ ಮೇಲೆ ಕೂಡ್ರಿಸಿ ಅವಳಿಗೆ ಕಾಲು ತೊಳೆದಿದ್ದರು. ಅದು ನೆನಪಾಯಿತೋ ಏನೋ.

ನನಗೆ ಮರುದಿನವೇ ಹೊಳೆಯಿತು: ಮರಳು ತೀರ ಸಣ್ಣದು, ಹೊಟ್ಟು ತೀರ ಮೆತ್ತನೆಯದು. ಕೊಳೆಯಬಾರದು, ಕಟ್ಟಿಕೊಳ್ಳಬಾರದು, ಆದರೂ ಮೈತುಂಬ ಸಣ್ಣ ತೂತು ಇರಬೇಕು. ಒಡೆದ ಇಟ್ಟಿಗೆ! ಭಟ್ಟಿಯವರು ಬಿಸಾಡುವ ಚೂರು, ಬಿದ್ದ ಮನೆಗಳ ಹಂಚಿನ ಚೂರು. ಚೆನ್ನಾಗಿ ಸುಟ್ಟದ್ದನ್ನೇ ಆರಿಸಬೇಕು, ಹಸಿ ಇಟ್ಟಿಗೆಯಾದರೆ ಕರಗಿ ರಾಡಿಯಾಗುತ್ತದೆ. ನೆಲ್ಲಿಕಾಯಿ ಗಾತ್ರಕ್ಕೆ ಒಡೆದು, ಕೆಂಪು ಬಿಡುವುದು ನಿಲ್ಲುವವರೆಗೆ ತೊಳೆದೆ. ಅದರ ಕೆಳಗೆ ತೆಂಗಿನ ನಾರು.

ಆದರೆ ಇದನ್ನೆಲ್ಲ ಹಾಕುವುದು ಎಲ್ಲಿ? ಡ್ರಮ್ಮಿನ ಬುಡ ಹೋಗಿದೆ. ನನ್ನ ಕಡೆ ನೆಲ ತಗ್ಗು, ನೀರು ತಿರುಗಿ ತೊಟ್ಟಿಗೆ ಬರುವುದಿಲ್ಲ. ಅಣ್ಣನ ಕಡೆ ಎತ್ತಿನ ಹಳೆಯ ಗ್ವಾದಲಿ ಇದೆ. ಉದ್ದನೆಯ ಕಲ್ಲಿನದು. ಎತ್ತು ಮೇವು ತಿನ್ನುವುದು ನಿಂತು ಅದರಲ್ಲೀಗ ಕೋಳಿ ಮಲಗುತ್ತವೆ. ತೊಟ್ಟಿಗಿಂತ ಎತ್ತರ, ತೊಟ್ಟಿಯ ಕಡೆಗೇ ವಾಲಿದೆ, ದಿನವಿಡೀ ಬಿಸಿಲು. ಅಪ್ಪ ಇದಕ್ಕೆಂದೇ ಇಟ್ಟುಹೋದಂತಿದೆ. ಆದರೆ ಗೆರೆಯಾಚೆ.

"ಅದಕ್ಕ ಯಾಕ ಇಷ್ಟ ಸಪ್ಪಗ ಕುಂತೀದಿ?" ಎಂದಳು ಅತ್ತಿಗೆ. "ಗ್ವಾದಲಿ ನಂದು. ಬಿಸಿಲು ಚೊಲೋ ಐತಿ, ಅದರಾಗ ಮೆಂತೆ ಪಲ್ಯ ಬೆಳಕೊಂತೀನಿ ಅಂತೀನಿ. ನೀನು ಈ ಕಡಿಯಿಂದ ನೀರು ಹಾಕು, ಸಾಕು."

"ಅಣ್ಣ?"

"ಅವ್ರಿಗೆ ನಾನು ಹೇಳ್ತೀನಿ. ನೀನು ಎಮ್ಮಿಗೆ ಹೇಳು."

ಹೀಗಾಗಿ ಈಗ ನೀರು ನನ್ನ ಕೈಯಿಂದ ಹೊರಟು, ಬಿದಿರಿನ ದೋಣಿ ಹಿಡಿದು, ಗೆರೆ ದಾಟಿ, ಅಣ್ಣನ ಗ್ವಾದಲಿಯ ಇಟ್ಟಿಗೆ ಚೂರಿನಲ್ಲಿ ತೊಳೆದುಕೊಂಡು, ಮತ್ತೆ ಗೆರೆ ದಾಟಿ ನನ್ನ ಮೀನಿನ ಹತ್ತಿರ ಬರುತ್ತದೆ. ಪಂಚರು ಇದನ್ನು ಯಾರ ಪಾಲಿಗೆ ಬರೆಯುತ್ತಾರೋ ನೋಡೋಣ.

೧೬ ಏಪ್ರಿಲ್, ಸೋಮವಾರ

ಮೆಂತೆ ಮೂರೇ ದಿನಕ್ಕೆ ಮೊಳಕೆ ಒಡೆಯಿತು. ಒಂದು ಮೂಲೆಯಲ್ಲಿ ಅತ್ತಿಗೆ ನೆಟ್ಟ ಬಸಳೆ ದಿನಕ್ಕೊಂದು ಎಲೆ ಬಿಡುತ್ತಿದೆ. ನಡುವೆ ನಾಲ್ಕು ಟೊಮ್ಯಾಟೊ. ಮಣ್ಣು ಒಂದು ಹಿಡಿಯೂ ಇಲ್ಲ! ಮೀನಿಗೆ ಹೊಲಸಾದದ್ದು ಗಿಡಕ್ಕೆ ಊಟ. ಗಿಡ ಉಂಡು ಬಿಟ್ಟ ನೀರು ಮೀನಿಗೆ ಅಮೃತ. ಹೋದ ತಿಂಗಳ ವಾಸನೆ ಪೂರ್ತಿ ಹೋಗಿದೆ. ಇಟ್ಟಿಗೆ ಚೂರಿನ ಮೇಲೆ ಕಂದು ಲೋಳೆ ಕಟ್ಟಿದೆ, ನೋಡಲು ಅಸಹ್ಯ. ಬೋರಿನಿಂದ ತರುವ ಒಂದು ಕೊಡ ಬಿಸಿಲಿಗೆ ಆರಿಹೋದದ್ದನ್ನು ತುಂಬಲು ಸಾಕಾಗುತ್ತದೆ.

ದಿನಕ್ಕೆ ಮೂರು ಹೊತ್ತು ನೀರು ಎತ್ತಬೇಕು. ಗ್ವಾದಲಿ ತುಂಬಬೇಕು, ಬಸಿದು ಖಾಲಿಯಾಗಬೇಕು, ಬೇರಿಗೂ ಉಸಿರು ಬೇಕಲ್ಲ. ಮುಂಜಾನೆಯ ಪಾಳಿಯೇ ಕಷ್ಟ. ನಾನು ಏಳುವುದು ಸ್ವಲ್ಪ ಹೊತ್ತಾಗಿ. ಆದರೆ ನನ್ನ ಇಟ್ಟಿಗೆ ಚೂರಿನ ಗುಣವೋ ಏನೋ, ನಾನು ಎದ್ದು ಹೋದಾಗಲೂ ಗ್ವಾದಲಿ ಒದ್ದೆಯಾಗಿಯೇ ಇರುತ್ತದೆ. ಹಿಂದಿನ ಸಂಜೆ ಎತ್ತಿದ್ದು ಬೆಳತನಕ ಆರುವುದಿಲ್ಲ. ಇಂಥ ಇಟ್ಟಿಗೆ ಆರಿಸುವುದು ಎಲ್ಲರ ಕೈಲಿ ಆಗುವುದಿಲ್ಲ.

೨೮ ಏಪ್ರಿಲ್, ಶನಿವಾರ

ಮೊದಲ ಕೊಯ್ಲು. ಈ ಬಿಸಿಲಲ್ಲಿ ಕೊಟ್ಟೂರು ಸಂತೆಯಲ್ಲೂ ಇಂಥ ಹಸಿರು ಮೆಂತೆ ಇಲ್ಲ. ಹಂಪಮ್ಮ ಬೋರಿನ ಹತ್ತಿರದ ಮನೆಗಳಿಗೆಲ್ಲ ಒಂದೊಂದು ಕಟ್ಟು ಹಂಚಿ ಬಂದಳು. ಹೆಂಗಸರ ಬಾಯಿ ಬಂದ್ ಆಯಿತು.

ಕೊಟ್ರಬಸಪ್ಪನವರಿಗೆ ನಾನೇ ಒಂದು ಕಟ್ಟು ಒಯ್ದೆ. ತಕ್ಕಡಿ ಬಿಟ್ಟು ಕಟ್ಟನ್ನು ಮೂಸಿದರು. ಮತ್ತೆ ಮೂಸಿದರು.

"ಗಾಳೆಪ್ಪ, ಇದು ಮೀನಿನ ನೀರಾಗ ಬೆಳದದ್ದಲ್ಲ?"

"ಹೌದ್ರಿ."

"ಹಂಗಾದ್ರ ಇದು ಕಾಯಿಪಲ್ಯನೋ, ಮತ್ತೊಂದೋ?"

"ನೀವು ಸಗಣಿ ಗೊಬ್ಬರದಾಗ ಬೆಳದ ಬದನಿಕಾಯಿ ತಿಂತೀರಲ್ರಿ, ಅದಕ್ಕ ಎತ್ತು ತಿಂದಂಗ ಆತೇನ್ರಿ?"

ಅವರು ಕಟ್ಟನ್ನು ತಕ್ಕಡಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಗಿರಾಕಿಗಳು ಕಾಯುತ್ತಲೇ ನಿಂತಿದ್ದರು. ಕಡೆಗೆ, "ಮನಿಯಾಗ ಹೇಳೂದಿಲ್ಲ, ತಿಂದು ನೋಡ್ತೀನಿ" ಎಂದು ಶಲ್ಯದಲ್ಲಿ ಸುತ್ತಿಕೊಂಡರು. ಬಸವ ಜಯಂತಿಯ ಮರುದಿನ ನಾಲ್ಕು ಜನರನ್ನು ಕರೆದುಕೊಂಡು ತೊಟ್ಟಿ ನೋಡಲು ಬರುತ್ತಾರಂತೆ. ಬರಲಿ. ಗಾಳೆಪ್ಪನಿಗೆ ಕೈ ಇದೆಯೋ ಇಲ್ಲವೋ ನೋಡಲಿ.

ಅಣ್ಣನ ಮನೆಯಲ್ಲೂ ಮೆಂತೆ ಪಲ್ಯ ಮಾಡಿದ್ದರು. ಅವನು ಎರಡು ರೊಟ್ಟಿ ಹೆಚ್ಚು ತಿಂದನಂತೆ. ಹಂಪಮ್ಮ ಹೇಳಿದಳು. ನಾನೇನೂ ಕೇಳಿರಲಿಲ್ಲ.

೩ ಮೇ, ಗುರುವಾರ

ಕೈ ಬೊಬ್ಬೆ ಬಂದಿದೆ, ಆದರೂ ಬರೆಯುತ್ತೇನೆ. ನಾಳೆ ಬಸವ ಜಯಂತಿ, ನಾಡಿದ್ದು ದೊಡ್ಡವರು ಬರುತ್ತಾರೆ. ಆ ಲೋಳೆ ಹತ್ತಿದ ಇಟ್ಟಿಗೆ ನೋಡಿದರೆ ಏನೆಂದಾರು? ಗಿಡಗಳನ್ನು ಮೆಲ್ಲಗೆ ಎತ್ತಿ ಬಕೆಟ್ಟಿನ ನೀರಲ್ಲಿಟ್ಟು, ಹಬ್ಬಕ್ಕೆ ಹೆಂಗಸರು ಹಿತ್ತಾಳೆ ಕೊಡ ಬೆಳಗುವ ಹಾಗೆ ಒಂದೊಂದು ಚೂರನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ. ಮುಂಜಾನೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ! ಈಗ ಇಟ್ಟಿಗೆ ಕುಂಕುಮದ ಹಾಗೆ ಹೊಳೆಯುತ್ತಿವೆ. ಅತ್ತಿಗೆಯ ಬಸಳೆ ಮೂಲೆ ಒಂದು ಬಾಕಿ. ಬೇರು ಇಟ್ಟಿಗೆಯನ್ನು ಅಪ್ಪಿಕೊಂಡಿದೆ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಳು. ಹೆಂಗಸರಿಗೆ ಚೊಕ್ಕಟತನ ತಿಳಿಯುವುದಿಲ್ಲ ಎಂದು ಬೈದೆ.

೫ ಮೇ, ಶನಿವಾರ

ಮುಂಜಾನೆ ಹಂಪಮ್ಮ ಬಂದು ಹೊದಿಕೆ ಎಳೆದಳು. "ಕಾಕಾ, ಏಳು, ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕ ಹತ್ಯಾವ."

ಓಡಿದೆ. ಎಲ್ಲವೂ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದವು. ಎರಡು ಆಗಲೇ ಹೊಟ್ಟೆ ಮೇಲೆ ಮಾಡಿದ್ದವು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು, ಆದರೆ ಮೂಗಿಗೆ ಖಾರ ಹೊಡೆಯುತ್ತಿತ್ತು, ದನದ ಗಂಜಳದ ಹಾಗೆ. ತೊಟ್ಟಿ ಹೋಯಿತು ಎಂದುಕೊಂಡೆ. ಎಲ್ಲಾ ಹೋಯಿತು ಎಂದುಕೊಂಡೆ.

ಅಷ್ಟರಲ್ಲಿ ಅಣ್ಣ ಪಂಚೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದೇಬಿಟ್ಟ.

"ಏನ ಹಾಕೀಯೋ ಇದರಾಗ?"

"ಏನೂ ಹಾಕಿಲ್ಲೋ. ಇಟ್ಟಿಗಿ ತಿಕ್ಕೀನಿ ಅಷ್ಟ."

"ಏನ ಹಚ್ಚಿ ತಿಕ್ಕೀದಿ?"

"ಹುಣಸಿಹಣ್ಣು... ಬೂದಿ..."

"ಹುಣಸಿಹಣ್ಣಾ? ಮೀನು ಸಾಕಾಕ ಹತ್ತೀಯೋ, ಸಾರಿಗೆ ಇಡಾಕ ಹತ್ತೀಯೋ? ಉಪ್ಪು ಖಾರನೂ ಹಾಕಬೇಕಾಗಿತ್ತಲ್ಲಲೇ!"

"ಆಮ್ಯಾಲ ಬೈಯುವಂತಿ. ಈಗ ಏನ ಮಾಡೂದು ಹೇಳು."

"ಕೊಡ ತಗೋ. ನೀರು ಎತ್ತು, ಮ್ಯಾಗಿಂದ ಬಿಡು. ಇನ್ನೂ ಮ್ಯಾಗಿಂದ. ಹಂಗ. ಗಾಳಿ ಕುಡೀಲಿ ನೀರು."

ಅವನು ತೊಟ್ಟಿಯೊಳಗೆ, ನಾನು ಕಟ್ಟೆಯ ಮೇಲೆ. ಅವನು ಕೊಡ ತುಂಬಿ ಕೊಡುವುದು, ನಾನು ತಲೆಯೆತ್ತರ ಹಿಡಿದು ಸುರಿಯುವುದು. ಹಂಪಮ್ಮ ಬೋರಿಗೆ ಓಡಿದಳು. ಮೊನ್ನೆ ಮೆಂತೆ ತಿಂದಿದ್ದ ಹೆಂಗಸರು ಒಬ್ಬರ ಹಿಂದೊಬ್ಬರು ಕೊಡ ಹೊತ್ತುಕೊಂಡು ಬಂದರು. ಹಳೆಯ ನೀರು ಅರ್ಧ ತೆಗೆದು ಹೊರಗೆ ಚೆಲ್ಲಿ, ಹೊಸದು ತುಂಬಿದೆವು. ಅವರು ಯಾವ ಬಾಗಿಲಿಂದ ಬಂದು ಯಾವ ಕಡೆ ಸುರಿದರೋ ಯಾರು ನೋಡಿದರು? ಸುಣ್ಣದ ಗೆರೆಯೆಲ್ಲ ತುಳಿದು ಕೆಸರಾಯಿತು.

ಅತ್ತಿಗೆ ಮಾತ್ರ ಗ್ವಾದಲಿಯ ಹತ್ತಿರ ನಿಂತು ತನ್ನ ಬಸಳೆ ಮೂಲೆಯನ್ನೇ ನೋಡುತ್ತಿದ್ದಳು. "ಗಾಳೆಪ್ಪ, ಇಷ್ಟು ದಿನ ಚೊಲೋ ಇತ್ತು. ನೀನು ಲೋಳಿ ತಿಕ್ಕಿ ತೆಗದ ಮ್ಯಾಲ ಕೆಟ್ಟೈತಿ. ಹಂಗಾದ್ರ ಕೆಲಸ ಮಾಡ್ತಿದ್ದದ್ದು ಆ ಲೋಳಿನ ಇರಬೇಕು."

"ಹೊಲಸು ಹೆಂಗ ಹೊಲಸು ತೆಗೀತೈತಿ?"

"ಮೊಸರು ಹೆಂಗ ಹಾಲನ್ನ ಮೊಸರು ಮಾಡ್ತೈತಿ? ಈ ಮೂಲಿ ನೀನು ತಿಕ್ಕಿಲ್ಲ. ಇಲ್ಲಿ ಚೂರು ತಗದು ಎಲ್ಲಾ ಕಡಿ ಒಂದೊಂದು ಇಡ್ರಿ. ಹೆಪ್ಪು ಹಾಕಿದಂಗ."

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಬೇರೆ ಉಪಾಯವಿರಲಿಲ್ಲ. ಅತ್ತಿಗೆ ತಾನೇ ಬಸಳೆ ಬಳ್ಳಿ ಎತ್ತಿ ಹಿಡಿದಳು. ಬೇರಿನ ಸುತ್ತಣ ಲೋಳೆ ಇಟ್ಟಿಗೆಯನ್ನು ಕೈಯಿಂದ ತೆಗೆದು ತೆಗೆದು ನಾವಿಬ್ಬರೂ ಗ್ವಾದಲಿಯ ತುಂಬ ಹಂಚಿದೆವು.

ಅದೇ ಹೊತ್ತಿಗೆ ಕೊಟ್ರಬಸಪ್ಪನವರು ನಾಲ್ಕು ಜನರೊಂದಿಗೆ ಬಂದು ನಿಂತರು. ಅಣ್ಣ ಮೊಣಕಾಲುಮಟ್ಟ ಮೀನಿನ ನೀರಲ್ಲಿ, ನನ್ನ ಮೈಯೆಲ್ಲ ಕೆಸರು. "ಬರಬಾರದ ಹೊತ್ತಿಗೆ ಬಂದ್ವೇನು?" ಎಂದರು. ಅಣ್ಣನೇ, "ಕಾರಹುಣ್ಣಿಮಿಗೆ ಬರ್ರಿ ಯಜಮಾನ್ರ, ಇನ್ನೂ ದಿನ ಅದಾವ" ಎಂದು ಕಳಿಸಿದ.

ಸಂಜೆತನಕ ನೀರು ಎತ್ತಿ ಸುರಿದೆವು. ಏಳು ಸತ್ತವು, ಮಿಕ್ಕವು ಕೆಳಗಿಳಿದವು. ಒಟ್ಟಿನಲ್ಲಿ ನನ್ನ ಸಮಯಸ್ಫೂರ್ತಿಯಿಂದ ಮೀನು ಉಳಿದವು. ಅಣ್ಣನಿಗೆ ನಡುನಡುವೆ ದಮ್ಮು ಹತ್ತುತ್ತಿತ್ತು. ಬೀಡಿ ಕಡಿಮೆ ಮಾಡಬೇಕು ಅವನು.

೬ ಮೇ, ಭಾನುವಾರ

ರೆಟ್ಟೆ ಮೇಲೆತ್ತಲು ಆಗುತ್ತಿಲ್ಲ. ನಮ್ಮ ಮೀನು ಚೆನ್ನಾಗಿವೆ.

೧೯ ಮೇ, ಶನಿವಾರ

ಅಣ್ಣನ ಜೊತೆ ದಿನಾ ಜಗಳ. ಅವನು ಮೀನಿಗೆ ಶೇಂಗಾ ಹಿಂಡಿ ಹಾಕಬೇಕು ಅನ್ನುತ್ತಾನೆ, ನಾನು ಅಕ್ಕಿ ತೌಡು ಅನ್ನುತ್ತೇನೆ. "ನಿನಗೇನ ಗೊತ್ತೈತೋ, ಹಿಂಡಿ ತಿಂದ್ರ ಮೈ ಹಿಡೀತಾವ" ಅನ್ನುತ್ತಾನೆ. "ಮೈ ಹಿಡದ್ರ ಹೇಲೂ ಹೆಚ್ಚಾಗ್ತೈತಿ, ಅದನ್ನ ತೊಳಿಯಾಂವ ನಾನಾ ನೀನಾ?" ಅನ್ನುತ್ತೇನೆ. ಇವತ್ತು ಊಟಕ್ಕೆ ಕೂತಾಗಲೂ ಇದೇ. ಅತ್ತಿಗೆ ಎರಡೂ ಕಲಸಿ ಹಾಕಿ ಎಂದು ರೊಟ್ಟಿ ಬಡಿಸಿದಳು.

ಹಂಪಮ್ಮ ನಗುತ್ತಾ, "ಕಾಕಾ, ಎಮ್ಮಿ ಬ್ಯಾಸರ ಮಾಡ್ಕೊಂಡೈತಿ. ಇತ್ತಿತ್ತಲಾಗ ಅದನ್ನ ಯಾರೂ ಮಾತಾಡ್ಸವಲ್ರು" ಎಂದಳು.

ಈ ಹುಡುಗಿಯ ಮಾತು ಒಂದೊಂದು ಸಲ ತಲೆಬುಡ ತಿಳಿಯುವುದಿಲ್ಲ. ಎಮ್ಮೆಗೆ ಹುಲ್ಲು ಹಾಕಿ ಬೆನ್ನು ತಿಕ್ಕಿ ಬಂದೆ. ಚೆನ್ನಾಗಿಯೇ ಇದೆ.

೨ ಜೂನ್, ಶನಿವಾರ

ಮೊದಲ ಟೊಮ್ಯಾಟೊ ಕೆಂಪಾಯಿತು. ಯಾರು ಕೀಳಬೇಕೆಂದು ಇನ್ನೂ ಇತ್ಯರ್ಥವಾಗಿಲ್ಲ. ಮೀನು ಅಂಗೈ ಅಗಲ. ಒಂದು ಹೆಣ್ಣು ಮೀನು ಬಾಯಿ ಉಬ್ಬಿಸಿಕೊಂಡು ತಿರುಗುತ್ತಿತ್ತು. ಬೇನೆಯೆಂದು ನಾನು ಹೆದರಿದೆ. ಅಣ್ಣ ಕೈ ಅಡ್ಡ ಹಿಡಿದು ತೋರಿಸಿದ. ಬಾಯಿ ತೆರೆದು ಸಾಸಿವೆಯಷ್ಟು ಮರಿಗಳನ್ನು ಹೊರಗೆ ಬಿಟ್ಟಿತು, ನಮ್ಮ ನೆರಳು ಕಂಡು ಮತ್ತೆ ಎಲ್ಲವನ್ನೂ ಬಾಯೊಳಗೆ ಎಳೆದುಕೊಂಡಿತು. ಇಬ್ಬರೂ ತುಂಬಾ ಹೊತ್ತು ಬಗ್ಗಿಕೊಂಡೇ ಇದ್ದೆವು. ನಡು ಹಿಡಿದುಕೊಂಡಿದೆ.

೧೪ ಜೂನ್, ಗುರುವಾರ

ನಿನ್ನೆ ಕಾರಹುಣ್ಣಿಮೆ. ಕೊಟ್ರಬಸಪ್ಪನವರು ಬಂದು, ಈ ಸಲ ಮೂಗು ಮುಚ್ಚಿಕೊಳ್ಳದೆ ಬಗ್ಗಿ ನೋಡಿ, "ತೊಟ್ಟಿ ಉಳೀತು" ಎಂದರು. ನಾನು ಎದೆ ಉಬ್ಬಿಸಿಕೊಂಡು ಬೀದಿ ಸುತ್ತಿ ಬಂದೆ. ಈ ತೊಟ್ಟಿಯನ್ನು ನೋಡಲು ದೊಡ್ಡ ದೊಡ್ಡ ಊರಿನಿಂದ ಸಾಹೇಬರು ಬರಲಿದ್ದಾರೆ ಎಂದು ಹೇಳಿದೆ. ಯಾರೂ ಬರುವುದಿಲ್ಲ, ಆದರೆ ಹೇಳಿದರೆ ತಪ್ಪೇನು?

ಇವತ್ತು ಮಂಜಣ್ಣ ಕಲ್ಲಿನ ಬಂಡಿಯೊಂದಿಗೆ ಬಂದ. ತೊಟ್ಟಿ ಉಳಿಯಿತು ಸರಿ, ಗೋಡೆ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ! ಅವನು ದಾರ ಹಿಡಿದು ನೋಡಿ ಸುಲಭದ ಉಪಾಯ ಹೇಳಿದ: ತೊಟ್ಟಿಯ ಮೇಲೆ ಅಡ್ಡ ಒಂದು ಚಪ್ಪಡಿ ಹಾಸಿ ಅದರ ಮೇಲೆ ಗೋಡೆ ಏರಿಸುವುದು. ಕೆಳಗೆ ಮೀನು ಆಚೀಚೆ ಓಡಾಡಿಕೊಂಡಿರಲಿ, ಮೇಲೆ ಮಂದಿ ತಮ್ಮ ತಮ್ಮ ಕಡೆ ಇರಲಿ. ಬಂಡಿಯ ಹಿಂದೆಯೇ ಬಂದು ಕಟ್ಟೆಯ ಮೇಲೆ ಕೂತಿದ್ದ ಕೊಟ್ರಬಸಪ್ಪನವರು ತಲೆದೂಗಿದರು. ನ್ಯಾಯವೇ.

ಗೋಡೆ ಬಂದರೆ ನಾನು ಈ ಕಡೆ ನಿಂತು ನೀರು ಎತ್ತಬಹುದು. ಅದು ಎಲ್ಲಿಗೆ ಹೋಯಿತು, ಇಟ್ಟಿಗೆ ಹೇಗಿದೆ, ಟೊಮ್ಯಾಟೊ ಎಷ್ಟು ಕೆಂಪಾಯಿತು, ಒಂದೂ ಕಾಣುವುದಿಲ್ಲ. ಪಂದ್ಯ ಗೆದ್ದವನು ನಾನೇ. ಏನೆಂದು ತಕರಾರು ತೆಗೆಯಲಿ? ಹಂಪಮ್ಮ, "ಕಾಕಾ, ಏನರ ಮಾತಾಡು" ಎಂದಳು. ನಾನು ಬಗ್ಗಿ ಕಣ್ಣಿಗೆ ತೊಟ್ಟಿಯ ನೀರು ಹಾಕಿಕೊಂಡೆ. ಧೂಳು ಇರಬೇಕು, ಕಲ್ಲು ಇಳಿಸುತ್ತಿದ್ದರು.

ಅಣ್ಣ ಬೀಡಿ ಬಿಸಾಕಿ, "ಮಂಜಣ್ಣ, ಚಪ್ಪಡಿ ಬ್ಯಾಡ" ಎಂದ.

"ಮತ್ತ?"

"ಆ ಕಡಿಯಿಂದ ತೊಟ್ಟಿತನಕ ಕಟ್ಟು. ಈ ಕಡಿಯಿಂದ ತೊಟ್ಟಿತನಕ ಕಟ್ಟು. ತೊಟ್ಟಿ ಬಾಜೂಕ ಒಬ್ಬ ಹಾಯ್ದು ಹೋಗೋಷ್ಟು ಜಾಗ ಬಿಡು."

"ಹಂಗ ಬಿಟ್ರ ಅದು ಗ್ವಾಡಿ ಹೆಂಗ ಆಗ್ತೈತೋ ಸುಂಕಪ್ಪ?"

"ಅದು ನನಗ ಗೊತ್ತಿಲ್ಲ. ಎರಡು ತಿಂಗಳಾತು, ಮುಂಜಾನಿ ನೀರು ನಾನ ಎತ್ತಾಕ ಹತ್ತೀನಿ. ಇಂವ ಬಿಸಿಲು ಮಾರಿಗೆ ಬಡಿಯೂತನಕ ಏಳಂಗಿಲ್ಲ. ಗ್ವಾಡಿ ಹಾಕಿದ್ರ ನನಗ ಎಬ್ಬಸಾಕ ಹೋಗಾಕ ಆಗಂಗಿಲ್ಲ. ಜಾಗ ಬಿಡು."

ಕೊಟ್ರಬಸಪ್ಪನವರು ನಕ್ಕು ಶಲ್ಯ ಕೊಡವಿ ಎದ್ದರು. ಹೋಗುವಾಗ ಅತ್ತಿಗೆಯ ಹತ್ತಿರ ಮೆಂತೆ ಇದೆಯೇ ಎಂದು ಮೆಲ್ಲಗೆ ಕೇಳಿದರು.

ಮುಂಜಾನೆಯ ನೀರು ಅಣ್ಣನದು ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಇಟ್ಟಿಗೆ ಬೆಳತನಕ ಒದ್ದೆ ಇರುವುದುಂಟೇ? ಅವನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ.

ಗೋಡೆ ಸಂಜೆಗೆ ಮೊಣಕಾಲುಮಟ್ಟ ಬಂದಿದೆ. ನಾಳೆ ಎದೆಮಟ್ಟ ಏರಿಸುತ್ತಾನಂತೆ ಮಂಜಣ್ಣ. ಏರಿಸಲಿ. ಕಲ್ಲಂತೂ ಬಂದಾಗಿದೆ. ತೊಟ್ಟಿಯ ಪಕ್ಕದ ಸಂದು ಮಾತ್ರ ಬಲು ಇಕ್ಕಟ್ಟು. ಅಣ್ಣನೂ ನಾನೂ ಎದುರುಬದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ದೊಡ್ಡವನು ಅವನು, ಅವನೇ ಸರಿಯಲಿ. ಇವತ್ತು ಸಂಜೆ ಮಾತ್ರ ನಾನು ಸರಿದೆ. ಅವನ ಕೈಯಲ್ಲಿ ತುಂಬಿದ ಕೊಡ ಇತ್ತು.